ರ‍್ಯಾಮ್ ಕೊಳ್ಳಲು ಎಸ್.ಪಿ. ರೋಡಿಗೆ ಹೊರಟವರಿಗೆ ಕಿವಿಮಾತು

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಗೆ ಅಕ್ಷರ ಜೋಡಿಸುತ್ತಲೇ ತಲೆ ಬೆಳ್ಳಗಾದವನು ನಾನು. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೆ ಮಾಘ, ವೈಶಾಖಗಳ ಮದುವೆ ಸೀಸನ್ನಿನಲ್ಲಿ ಸಿಸ್ಟಂ ಕೈಕೊಟ್ಟರೆ ಗಿರಾಕಿಗೆ ಮುಖ ತೋರಿಸುವ ಹಾಗಿರುವುದಿಲ್ಲ. ಆದ್ದರಿಂದ ಮೆಮೊರಿಯ ಒಳಹೊರಗನ್ನು ಕಲಿಯಲೇಬೇಕಾಯಿತು. ಈಗ ಗಲ್ಲಿಯ ಮಕ್ಕಳು, ನೆಂಟರ ಮಕ್ಕಳು ಬಂದು, "ಅಂಕಲ್, ಸಿಸ್ಟಂ ತುಂಬಾ ಸ್ಲೋ ಆಗಿದೆ, ರ‍್ಯಾಮ್ ಹಾಕಿಸಬೇಕು, ಎಷ್ಟು ಜಿಬಿ ತಗೊಳ್ಳಲಿ?" ಅನ್ನುತ್ತಾರೆ. ಎಷ್ಟು ಜಿಬಿ ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ ಕಣ್ರಪ್ಪ. ನಿಮ್ಮ ಮನೆಯ ಮದರ್‌ಬೋರ್ಡು ಯಾವ ಮೆಮೊರಿಯನ್ನು ಒಪ್ಪುತ್ತದೆ ಅನ್ನುವುದು ಮೊದಲು ತಿಳಿಯಬೇಕು. ಅದಕ್ಕೆ ಉತ್ತರ ಇರುವುದು ನಿಮ್ಮ ಮನೆಯಲ್ಲೇ, ಅಂಗಡಿಯಲ್ಲಲ್ಲ.

ಚಿಕ್ಕಪೇಟೆ ಹಾದು ಅವೆನ್ಯೂ ರಸ್ತೆ ದಾಟಿದರೆ ನಮಗೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್ ನಡೆದೇ ಹೋಗುವಷ್ಟು ಹತ್ತಿರ. ಹತ್ತಿರ ಇದೆಯೆಂದು ಬರಿಗೈಯಲ್ಲಿ ಹೋಗಿ, ಕೊಟ್ಟದ್ದನ್ನು ತಂದು, ಹೊಂದದೆ ಮತ್ತೆ ಓಡಾಡುವವರನ್ನು ಬಹಳ ನೋಡಿದ್ದೇನೆ. ಈಗಂತೂ ತಪ್ಪು ಖರೀದಿಗೆ ತೆರುವ ಬೆಲೆ ದೊಡ್ಡದು. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಚಿಪ್ಪುಗಳ ಕಡೆಗೆ ಅವು ವಾಲಿದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ಮೆಮೊರಿಯ ಬೆಲೆ ಸರ್ರನೆ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್, ತನ್ನ ಕ್ರೂಶಿಯಲ್ ಹೆಸರಿನ ಮನೆಬಳಕೆಯ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ದುಡ್ಡು ಕೊಟ್ಟು ಹೊಂದದ ಸ್ಟಿಕ್ ತರುವುದು ಯಾವ ಮನೆಗೂ ಬೇಡ. ಅದಕ್ಕೇ ನನಗೆ ಗೊತ್ತಿರುವುದನ್ನು ಬರೆದಿಡುತ್ತಿದ್ದೇನೆ.

• ನಿಧಾನಕ್ಕೆ ಕಾರಣ ಮೆಮೊರಿಯೇ ಹೌದೋ ಅಲ್ಲವೋ ಮೊದಲು ನೋಡಿ. ದಿನವೂ ತೆರೆಯುವ ಎಲ್ಲವನ್ನೂ, ಅಂದರೆ ಬ್ರೌಸರ್, ವರ್ಡ್, ಕೋರಲ್‌ಡ್ರಾ, ಏನಿದೆಯೋ ಅದನ್ನೆಲ್ಲ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಶೇಕಡಾ 85-90ರ ಮೇಲೆ ನಿಂತೇ ಇದ್ದರೆ ರ‍್ಯಾಮ್ ಸಾಲದು ಎಂದರ್ಥ. ಮೆಮೊರಿ ಅರ್ಧವೇ ತುಂಬಿ ಡಿಸ್ಕ್ ಮಾತ್ರ 100 ತೋರಿಸುತ್ತಿದ್ದರೆ ತೊಂದರೆ ಹಳೆಯ ಹಾರ್ಡ್ ಡಿಸ್ಕಿನದು. ಆ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿ, ಸಿಸ್ಟಂ ಚುರುಕಾಗುತ್ತದೆ. ಎರಡೂ ತುಂಬಿದ್ದರೆ? ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನು ಮೆಮೊರಿಯಂತೆ ಬಳಸಿಕೊಳ್ಳುತ್ತದೆ, ಅದರಿಂದ ಡಿಸ್ಕಿಗೂ ಬಿಡುವಿಲ್ಲದಂತಾಗುತ್ತದೆ. ಅಲ್ಲಿ ಮೊದಲು ಬೇಕಾದದ್ದು ರ‍್ಯಾಮ್.

• ಯಂತ್ರದ ವಯಸ್ಸು ನೋಡಿ ದುಡ್ಡು ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೂರುವುದು, ಸ್ಥೂಲವಾಗಿ ಹೇಳುವುದಾದರೆ, ಇಂಟೆಲ್ 8ನೇ ತಲೆಮಾರು ಮತ್ತು ಅದರ ಮುಂದಿನವು, ಎಎಂಡಿಯಲ್ಲಿ ರೈಜನ್ 2000 ಸರಣಿ ಮತ್ತು ಅದರ ಮುಂದಿನವುಗಳ ಮೇಲೆ. ಅದಕ್ಕಿಂತ ಹಳೆಯ ಐ3, ಐ5 ಇದ್ದರೆ ಹೊಸ ದುಬಾರಿ ಮೆಮೊರಿ ಕೊಳ್ಳಬೇಡಿ. ಒಂದು ಸೆಕೆಂಡ್‌ಹ್ಯಾಂಡ್ ಸ್ಟಿಕ್ ಹಾಕಿ, ಬೇಕಾದರೆ ಉಬುಂಟು ಅಥವಾ ಮಿಂಟ್ ಹಾಕಿಕೊಂಡು ಮಕ್ಕಳ ಓದಿಗೆ, ಅಮ್ಮನ ಯೂಟ್ಯೂಬಿಗೆ ಬಳಸಿ. ಅಷ್ಟರ ಮಟ್ಟಿಗೆ ಅದು ಇನ್ನೂ ಗಟ್ಟಿ ಯಂತ್ರವೇ.

• ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಿಕೊಳ್ಳಿ. 'ದಿಸ್ ಪಿಸಿ' ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಬರೆದಿರುತ್ತದೆ. 32 ಬಿಟ್‌ನದಾದರೆ 8 ಜಿಬಿ ಹಾಕಿದರೂ ಬಳಕೆಗೆ ಸಿಗುವುದು ಮೂರು, ಮೂರೂವರೆ ಜಿಬಿಯ ಆಸುಪಾಸು. ಮೊದಲು 64 ಬಿಟ್ ವಿಂಡೋಸ್ ಹಾಕಿಸಿ, ಆಮೇಲೆ ಮೆಮೊರಿಯ ಮಾತು.

• ನಮ್ಮ ಕಸುಬಿನವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿಗಳ ಹಿಂದೆ, ಚಾಮರಾಜಪೇಟೆಯ ಪ್ರೆಸ್ಸುಗಳಲ್ಲಿ, ಇವತ್ತಿಗೂ ಪೇಜ್‌ಮೇಕರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಹಾಕಿಕೊಂಡು ಪುಟ ಕಟ್ಟುವವರಿದ್ದಾರೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದು 32 ಬಿಟ್ ಪ್ರೋಗ್ರಾಮ್. ವಿಂಡೋಸ್ 64 ಬಿಟ್‌ನದೇ ಇರಲಿ, ರ‍್ಯಾಮ್ 32 ಜಿಬಿಯೇ ಇರಲಿ, ಅಂಥ ಪ್ರೋಗ್ರಾಮಿನ ಕೈಗೆ ಎಟುಕುವುದು ಸಾಮಾನ್ಯವಾಗಿ 2 ಜಿಬಿ ಮಾತ್ರ. ಪೇಜ್‌ಮೇಕರ್ ಪದೇ ಪದೇ ಮುಚ್ಚಿಹೋಗುತ್ತಿದ್ದರೆ ಅದು ರ‍್ಯಾಮಿನಿಂದ ವಾಸಿಯಾಗುವ ಕಾಯಿಲೆಯಲ್ಲ. ಕೋರಲ್‌ಡ್ರಾ 64 ಬಿಟ್‌ಗೆ ಬಂದದ್ದು 2012ರ ಎಕ್ಸ್6ರಿಂದ. ಕೋರಲ್ 12, ಎಕ್ಸ್3, ಎಕ್ಸ್4 ಬಳಸುತ್ತಿರುವವರಿಗೂ ಇದೇ ಮಾತು. ಮದುಮಕ್ಕಳ ಫೋಟೊ ಹಾಕಿದ ದೊಡ್ಡ ಫ್ಲೆಕ್ಸ್ ಫೈಲು ತೆರೆಯುವವರಿಗೆ, ಹೊಸ ಫೋಟೊಶಾಪ್ ಬಳಸುವವರಿಗೆ 16 ಜಿಬಿ ನಿಜವಾಗಿ ಬೇಕು. ಬರೀ ಪೇಜ್‌ಮೇಕರ್, ನುಡಿ, ಪಕ್ಕದಲ್ಲಿ ವಾಟ್ಸಾಪ್ ತೆರೆದ ಒಂದು ಬ್ರೌಸರ್, ಇಷ್ಟೇ ಇದ್ದರೆ 8 ಜಿಬಿ ಧಾರಾಳ.

• ಡಿಡಿಆರ್ ತಲೆಮಾರು ಬೆರೆಯುವುದಿಲ್ಲ. ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳಲ್ಲಿ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ನಡುವಿನ ಕಚ್ಚು ಪ್ರತಿ ತಲೆಮಾರಿನಲ್ಲೂ ಬೇರೆ ಜಾಗದಲ್ಲಿದೆ, ವಿದ್ಯುತ್ತೂ ಬೇರೆ: ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಹಲ್ಲಿನ ಎಣಿಕೆ ನೋಡಿ ಮೋಸಹೋಗಬೇಡಿ. ಡೆಸ್ಕ್‌ಟಾಪಿನ ಡಿಡಿಆರ್2, ಡಿಡಿಆರ್3 ಎರಡಕ್ಕೂ 240. ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಎಣಿಕೆ ಒಂದೇ ಆದರೂ ಕಚ್ಚು ಬೇರೆ. ಕೂರದಿದ್ದರೆ ಒತ್ತಬೇಡಿ. ಬಲವಂತ ಮಾಡಿದರೆ ಮುರಿಯುವುದು ಬೋರ್ಡಿನ ಸ್ಲಾಟು.

• ಪ್ರೊಸೆಸರ್ ಹೆಸರು ಹೇಳಿದ ಮಾತ್ರಕ್ಕೆ ಮೆಮೊರಿ ಯಾವುದೆಂದು ನಿಶ್ಚಯವಾಗುವುದಿಲ್ಲ. "ಐ5 12ನೇ ಜನರೇಶನ್ ಸಾರ್" ಅನ್ನುತ್ತೀರಿ, ಅಂಗಡಿಯ ಹುಡುಗ ಡಿಡಿಆರ್5 ಕಟ್ಟಿಕೊಡುತ್ತಾನೆ. ಆದರೆ ಆ ತಲೆಮಾರಿನ ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಎರಡನ್ನೂ ನಡೆಸುತ್ತದೆ. ಬೋರ್ಡು ಮಾತ್ರ ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೇ ಮಾಡಿದ್ದು. ಎಚ್610 ಚಿಪ್‌ಸೆಟ್ಟಿನ ಬೋರ್ಡುಗಳು ಎರಡು ಬಗೆಯಲ್ಲೂ ಇವೆ. ಮೊದಲು ಎಚ್110ನಲ್ಲೂ ಹೀಗೇ ಇತ್ತು, ಕೆಲವಕ್ಕೆ ಡಿಡಿಆರ್3, ಕೆಲವಕ್ಕೆ ಡಿಡಿಆರ್4. ಹಲವು ಬೋರ್ಡುಗಳ ಮಾಡೆಲ್ ಹೆಸರಿನ ಬಾಲದಲ್ಲಿ ಡಿ3, ಡಿ4 ಎಂಬ ಗುರುತು ಇರುತ್ತದೆ. ಆ ಬಾಲವನ್ನೂ ಸೇರಿಸಿ ಬರೆದುಕೊಳ್ಳಿ. ಎಎಂಡಿಯ ಎಎಂ5 ಬೋರ್ಡಾದರೆ ಗೊಂದಲವಿಲ್ಲ, ಡಿಡಿಆರ್5 ಮಾತ್ರ.

• ಈಗಿರುವ ಸ್ಟಿಕ್ಕಿನ ಲೇಬಲ್ ಓದಲು ಕಲಿಯಿರಿ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಸಿಸ್ಟಂ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ, ಸ್ಟಿಕ್ಕಿನ ಎರಡೂ ತುದಿಯ ಕ್ಲಿಪ್ ಸರಿಸಿದರೆ ಅದು ತಾನೇ ಮೇಲೇಳುತ್ತದೆ. ಅಂಚಿನಲ್ಲಿ ಹಿಡಿದು ಬೆಳಕಿಗೆ ತನ್ನಿ.

ಲೇಬಲ್ಲಿನ ಮೇಲೆ ಹೀಗೊಂದು ಸಾಲು ಇರುತ್ತದೆ: 4ಜಿಬಿ 2ಆರ್‌ಎಕ್ಸ್8 ಪಿಸಿ3-12800ಯು. ಮೊದಲನೆಯದು ಗಾತ್ರ. ಎರಡನೆಯದು ಚಿಪ್ಪುಗಳ ಜೋಡಣೆ, ಅದನ್ನು ಮುಂದೆ ಹೇಳುತ್ತೇನೆ. ಪಿಸಿ3 ಅಂದರೆ ಡಿಡಿಆರ್3. 12800 ಅನ್ನುವುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಿಸಬಲ್ಲದು ಎಂಬ ಲೆಕ್ಕ. ಅದನ್ನು 8ರಿಂದ ಭಾಗಿಸಿ, 1600 ಬರುತ್ತದೆ. ಅಂಗಡಿಯಲ್ಲಿ ಹೇಳುವ 'ಸಿಕ್ಸ್ಟೀನ್ ಹಂಡ್ರೆಡ್ ಬಸ್' ಅದೇ. 10600 ಎಂದಿದ್ದರೆ 1333. ಡಿಡಿಆರ್4ರಲ್ಲಿ ಪಿಸಿ4-2400ಟಿ, ಪಿಸಿ4-2666ವಿ, ಪಿಸಿ4-3200ಎಎ ಎಂದು ವೇಗವನ್ನೇ ಬರೆದಿರುತ್ತಾರೆ, ಭಾಗಿಸುವ ಕೆಲಸವಿಲ್ಲ. ಆದರೆ ಕೆಲವು ಕಂಪನಿಯವರು 19200, 21300, 25600 ಎಂದು ಹಳೆಯ ಪದ್ಧತಿಯಲ್ಲೇ ಹಾಕುತ್ತಾರೆ.

ಪಿಸಿ3 ಸಾಲಾದರೆ ಅಂಕಿಯ ಕೊನೆಗೆ ಅಂಟಿದ ಅಕ್ಷರದ ಮೇಲೆ, ಪಿಸಿ4 ಆದರೆ ವೇಗದ ಮುಂದಿನ ಅಡ್ಡಗೆರೆಯಾದ ಮೇಲೆ ಬರುವ ಮೊದಲ ಅಕ್ಷರದ ಮೇಲೆ ಬೆರಳಿಡಿ. ಯು ಇದ್ದರೆ ಮಾಮೂಲು ಡೆಸ್ಕ್‌ಟಾಪ್ ಮೆಮೊರಿ. ಎಸ್ ಇದ್ದರೆ ಲ್ಯಾಪ್‌ಟಾಪಿನ ಸಣ್ಣ ಸ್ಟಿಕ್. ಆರ್ ಇದ್ದರೆ ಸರ್ವರಿನದು. ಈ ಅಕ್ಷರ ನೋಡದೆ ದುಡ್ಡು ಕೊಡಬೇಡಿ.

• ಸರ್ವರ್ ಮೆಮೊರಿ ಅಗ್ಗ ಅಂತ ಹೋಗಬೇಡಿ. ಕಂಪನಿಗಳು ಹಳೆಯ ಸರ್ವರು ಬದಲಿಸಿದಾಗ ಆ ಸ್ಟಿಕ್ಕುಗಳೂ ಮಾರುಕಟ್ಟೆಗೆ ಬರುತ್ತವೆ. ಡಿಡಿಆರ್3, ಡಿಡಿಆರ್4ರಲ್ಲಿ ಸರ್ವರ್ ಸ್ಟಿಕ್ಕಿನ ಕಚ್ಚೂ ಡೆಸ್ಕ್‌ಟಾಪಿನದೇ ಜಾಗದಲ್ಲಿದೆ, ಸಲೀಸಾಗಿ ಕೂರುತ್ತದೆ, ಆದರೆ ಸಿಸ್ಟಂ ಏಳುವುದಿಲ್ಲ. ಗುರುತು ಬೇಕಾದರೆ ಕಪ್ಪು ಚಿಪ್ಪುಗಳನ್ನು ಎಣಿಸಿ. ಮನೆಬಳಕೆಯದರಲ್ಲಿ ಸಾಮಾನ್ಯವಾಗಿ 8 ಅಥವಾ 16 ಇರುತ್ತವೆ, ಸರ್ವರಿನದರಲ್ಲಿ 9, 18 ಅಥವಾ ಇನ್ನೂ ಹೆಚ್ಚು, ಮಧ್ಯದಲ್ಲಿ ಬೇರೆ ಆಕಾರದ ಇನ್ನೊಂದು ಚಿಪ್. ಜಿಯಾನ್ ಪ್ರೊಸೆಸರ್ ಹಾಕಿದ ಎಕ್ಸ್79, ಎಕ್ಸ್99 ಬೋರ್ಡುಗಳಲ್ಲಿ ಹಲವಕ್ಕೆ ಅದು ನಡೆಯುತ್ತದೆ. ಮನೆಯ ಐ3, ಐ5, ರೈಜನ್‌ಗಳಿಗೆ ಅದು ಆಗಿಬರುವುದಿಲ್ಲ.

• ಜಿ41 ಬೋರ್ಡು ಇನ್ನೂ ಇಟ್ಟುಕೊಂಡವರಿಗೆ. ಕೋರ್ 2 ಡ್ಯುವೋ ಕಾಲದ ಈ ಬೋರ್ಡುಗಳು ಎಷ್ಟೋ ಅಂಗಡಿಗಳಲ್ಲಿ ಬಿಲ್ ಹಾಕುತ್ತಾ ಇನ್ನೂ ಓಡುತ್ತಿವೆ. ಅವಕ್ಕೆ 4 ಜಿಬಿಯ ಡಿಡಿಆರ್3 ಸ್ಟಿಕ್ ಹಾಕಿದರೆ ಒಮ್ಮೊಮ್ಮೆ ಅರ್ಧವೇ ತೋರಿಸುತ್ತದೆ, ಇಲ್ಲವೇ ಏಳುವುದೇ ಇಲ್ಲ. ಸ್ಟಿಕ್ ಕೆಟ್ಟಿದೆ ಎಂದು ಅಂಗಡಿಯವರ ಜತೆ ಜಗಳಕ್ಕೆ ಇಳಿಯುವ ಮೊದಲು ಚಿಪ್ ಎಣಿಸಿ. 2ಆರ್‌ಎಕ್ಸ್8 ಅಂದರೆ ಎರಡೂ ಪಕ್ಕ ಸೇರಿ 16 ಚಿಪ್, ಒಂದೊಂದೂ 2 ಗಿಗಾಬಿಟ್. 1ಆರ್‌ಎಕ್ಸ್8 ಅಂದರೆ 8 ಚಿಪ್, ಒಂದೊಂದೂ 4 ಗಿಗಾಬಿಟ್. ಜಿ41ಕ್ಕೆ 4 ಗಿಗಾಬಿಟ್ ಚಿಪ್ ಅರ್ಥವಾಗುವುದಿಲ್ಲ. ಅದಕ್ಕೆ 16 ಚಿಪ್ಪಿನ ಹಳೆಯ 4 ಜಿಬಿ ಸ್ಟಿಕ್ಕೇ ಆಗಬೇಕು. ಡಿಡಿಆರ್2 ಇರುವವರಿಗೆ ಇನ್ನೊಂದು ಎಚ್ಚರಿಕೆ: 'ಎಎಂಡಿಗೆ ಮಾತ್ರ' ಎಂದು 4 ಜಿಬಿ ಸ್ಟಿಕ್ಕುಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಇಂಟೆಲ್ ಬೋರ್ಡಿನವರು ಅವುಗಳ ತಂಟೆಗೆ ಹೋಗಬೇಡಿ.

• ಒಂದು ಸ್ಲಾಟಿಗೆ ಎಷ್ಟು, ಒಟ್ಟು ಎಷ್ಟು ಎನ್ನುವುದಕ್ಕೆ ಬೋರ್ಡಿನ ಮ್ಯಾನುಯಲ್ ನೋಡಿ. ಎಚ್61 ಬೋರ್ಡಿನ ಎರಡು ಸ್ಲಾಟಿಗೆ 8 ಮತ್ತು 8, ಒಟ್ಟು 16 ಜಿಬಿಗೆ ಮಿತಿ. ಮ್ಯಾನುಯಲ್ ಕಳೆದಿದ್ದರೆ ತಯಾರಕರ ವೆಬ್‌ಸೈಟಿನಲ್ಲಿ ಮಾಡೆಲ್ ಹೆಸರು ಹಾಕಿದರೆ ಸಿಗುತ್ತದೆ. ಅಲ್ಲೇ 'ಮೆಮೊರಿ ಸಪೋರ್ಟ್ ಲಿಸ್ಟ್' ಎಂಬ ಪಟ್ಟಿಯೂ ಇರುತ್ತದೆ. ಅವರೇ ಹಾಕಿ ಪರೀಕ್ಷಿಸಿದ ಸ್ಟಿಕ್ಕುಗಳ ಹೆಸರು ಅದರಲ್ಲಿರುತ್ತವೆ. ಪಟ್ಟಿಯಲ್ಲಿಲ್ಲದ್ದು ಕೆಲಸ ಮಾಡುವುದೇ ಇಲ್ಲ ಅಂತಲ್ಲ. ಆದರೆ 2017ರ ಮೊದಲ ರೈಜನ್ ಸಿಸ್ಟಮ್ಮುಗಳು ಮೆಮೊರಿಯ ವಿಷಯದಲ್ಲಿ ಬಹಳ ನಾಜೂಕು. ಆ ಸಿಸ್ಟಂ ಇದ್ದವರು ಪಟ್ಟಿ ನೋಡಿಯೇ ಕೊಳ್ಳಿ, ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳಿ.

• ಕ್ಯಾಬಿನೆಟ್ ಬಿಚ್ಚಲು ಧೈರ್ಯವಿಲ್ಲದಿದ್ದರೆ ಪರದೆಯ ಮೇಲೇ ನೋಡಬಹುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಕೆಳಗೆ ವೇಗ ಎಷ್ಟು, ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದಿರುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇನ್ನೂ ವಿವರವಾಗಿ ಹೇಳುತ್ತದೆ: ಮೇನ್‌ಬೋರ್ಡ್ ಪುಟದಲ್ಲಿ ಬೋರ್ಡಿನ ಮಾಡೆಲ್, ಎಸ್‌ಪಿಡಿ ಪುಟದಲ್ಲಿ ಪ್ರತಿ ಸ್ಲಾಟಿನ ಸ್ಟಿಕ್ಕಿನ ಕಂಪನಿ, ಗಾತ್ರ, ವೇಗ. ಅದರಲ್ಲಿ 800 ಎಂದು ತೋರಿಸಿದರೆ ಗಾಬರಿ ಬೇಡ, ಅದರ ಎರಡರಷ್ಟೇ ಲೇಬಲ್ಲಿನ ವೇಗ, ಅಂದರೆ 1600. ತಯಾರಕರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ.

• ಲ್ಯಾಪ್‌ಟಾಪಿನವರು ಮೊದಲು ಸ್ಲಾಟ್ ಇದೆಯೇ ಎಂದು ವಿಚಾರಿಸಿ. ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಬಹುತೇಕ ಹಾಗೆಯೇ. ಕೆಲವಕ್ಕೆ 4 ಅಥವಾ 8 ಜಿಬಿ ಬೆಸೆದು, ಜತೆಗೆ ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಡಿಡಿಆರ್3 ಕಾಲದ ಲ್ಯಾಪ್‌ಟಾಪಾದರೆ ಪಿಸಿ3 ಮುಂದೆ ಎಲ್ ಅಕ್ಷರ ಇದೆಯೇ ನೋಡಿ. ಎಲ್ ಇರುವುದು 1.35 ವೋಲ್ಟಿನದು. ಎಲ್ ಬೇಕಾದ ಯಂತ್ರಕ್ಕೆ ಎಲ್ ಇಲ್ಲದ್ದು ಹಾಕಿದರೆ ಕೆಲಸ ಮಾಡುವುದಿಲ್ಲ. ತಿರುಗಾಮುರುಗಾ, ಅಂದರೆ 1.5 ವೋಲ್ಟಿನ ಯಂತ್ರಕ್ಕೆ ಎಲ್ ಇರುವ ಸ್ಟಿಕ್ ಸಾಮಾನ್ಯವಾಗಿ ಹೊಂದುತ್ತದೆ. ಸಂಶಯವಿದ್ದರೆ ಎಲ್ ಇರುವುದನ್ನೇ ತನ್ನಿ.

• ಆಫೀಸಿನಿಂದ ಬಂದ ಹಳೆಯ ಡೆಲ್, ಎಚ್‌ಪಿ, ಲೆನೊವೊ ಪೆಟ್ಟಿಗೆ ಕೊಂಡವರು ಪೆಟ್ಟಿಗೆಯ ಗಾತ್ರ ಗಮನಿಸಿ. ಪುಸ್ತಕದಷ್ಟು ಪುಟ್ಟದಾದ ಮೈಕ್ರೊ, ಟೈನಿ ಮಾದರಿಗಳಿಗೆ ಹಾಕುವುದು ಲ್ಯಾಪ್‌ಟಾಪಿನ ಸಣ್ಣ ಸ್ಟಿಕ್. ಪರದೆಯ ಹಿಂದೆಯೇ ಎಲ್ಲ ಇರುವ ಆಲ್-ಇನ್-ಒನ್‌ಗಳಿಗೂ ಬಹುಮಟ್ಟಿಗೆ ಅದೇ. "ಡೆಸ್ಕ್‌ಟಾಪ್ ರ‍್ಯಾಮ್ ಕೊಡಿ" ಎಂದು ಕೇಳಿ ತಂದರೆ ಉದ್ದ ಜಾಸ್ತಿಯಾಗುತ್ತದೆ.

• ವೇಗದ ಹುಚ್ಚು ಬೇಡ. ಎರಡು ಬೇರೆ ವೇಗದ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. 9ನೇ ತಲೆಮಾರಿನ ಐ5 ಇರುವ ಎಚ್310 ಬೋರ್ಡಿಗೆ 3200ರ ಸ್ಟಿಕ್ ಹಾಕಿದರೂ ಓಡುವುದು 2666ರಲ್ಲೇ. ಹಾಕಬಾರದೆಂದಿಲ್ಲ, 3200ರದೇ ಸುಲಭವಾಗಿ ಸಿಕ್ಕರೆ ತನ್ನಿ, ಆದರೆ ಅದಕ್ಕೆಂದು ಹೆಚ್ಚು ಕೊಡಬೇಡಿ. ಬಣ್ಣಬಣ್ಣದ ದೀಪ, ಎತ್ತರದ ಲೋಹದ ಕವಚ ಇರುವ ಗೇಮಿಂಗ್ ಸ್ಟಿಕ್ ಕೆಲವು ಕ್ಯಾಬಿನೆಟ್ಟುಗಳಲ್ಲಿ ಪ್ರೊಸೆಸರ್ ಮೇಲಿನ ಕೂಲರಿಗೆ ತಾಗುತ್ತದೆ.

• 8 ಜಿಬಿ ಒಂದೇ ಸ್ಟಿಕ್ಕಿಗಿಂತ 4 ಮತ್ತು 4 ಎರಡು ಸ್ಟಿಕ್ಕು ಚುರುಕು, ಏಕೆಂದರೆ ಬೋರ್ಡು ಎರಡು ದಾರಿಗಳಲ್ಲಿ ಒಟ್ಟಿಗೆ ಮಾತಾಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಸಿಸ್ಟಮ್ಮಿನಲ್ಲಿ ಚಿತ್ರ ತೋರಿಸುವ ಕೆಲಸಕ್ಕೂ ಇದೇ ಮೆಮೊರಿ ಬಳಕೆಯಾಗುವುದರಿಂದ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆದರೆ ಮುಂದೆ ಹೆಚ್ಚಿಸುವ ಯೋಚನೆಯಿದ್ದು, ಇರುವುದು ಎರಡೇ ಸ್ಲಾಟಾದರೆ, ಈಗ 8ರದು ಒಂದು ಹಾಕಿ ಇನ್ನೊಂದು ಸ್ಲಾಟ್ ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ. ಈಗಿನ ಬೆಲೆಯಲ್ಲಿ ಹಳೆಯದನ್ನು ತೆಗೆದು ಮೂಲೆಗಿಡುವುದು ದಂಡ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಈಚಿನ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ, ನಾಲ್ಕನೆಯದಕ್ಕೆ ಹಾಕಬೇಕು.

• ಬೇರೆ ಕಂಪನಿಯ ಸ್ಟಿಕ್ ಜತೆಗೆ ಹಾಕಬಹುದೇ? ಹಾಕಬಹುದು. ತಲೆಮಾರು, ವೋಲ್ಟೇಜು ಒಂದೇ ಇರಬೇಕು, ವೇಗ ಒಂದೇ ಇದ್ದರೆ ಒಳ್ಳೆಯದು. 4ರ ಜತೆ 8 ಹಾಕಿದರೂ ನಡೆಯುತ್ತದೆ. ಬಹುಪಾಲು ಸಮಯ ಏನೂ ತೊಂದರೆಯಾಗುವುದಿಲ್ಲ, ಒಮ್ಮೊಮ್ಮೆ ಆಗುತ್ತದೆ. ಅದಕ್ಕೇ ಬದಲಾಯಿಸಿ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು.

• ಎಸ್.ಪಿ. ರೋಡಿಗೆ ಹೊರಡುವಾಗ ಹಳೆಯ ಸ್ಟಿಕ್ಕನ್ನೇ ಕೊಂಡೊಯ್ಯಿರಿ. ಅದು ಬಂದ ಕವರಿದ್ದರೆ ಅದರಲ್ಲಿ, ಇಲ್ಲದಿದ್ದರೆ ಶುಭ್ರ ಕಾಗದದಲ್ಲಿ ಸುತ್ತಿ. ಬೋರ್ಡಿನ ಮಾಡೆಲ್, ಲೇಬಲ್, ಸಿಪಿಯು-ಝಡ್ ಪುಟಗಳ ಫೋಟೊ ಮೊಬೈಲಿನಲ್ಲಿರಲಿ. ಡೆಸ್ಕ್‌ಟಾಪ್ ಹೊತ್ತೊಯ್ಯುವುದು ಕಷ್ಟ, ಲ್ಯಾಪ್‌ಟಾಪಾದರೆ ಒಯ್ದು ಅಲ್ಲೇ ಹಾಕಿಸಿ ನೋಡಿ. ದೂರದಿಂದ ಬರುವವರು ಗಾಡಿ ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ. ಒಂದೇ ರಸ್ತೆಯಲ್ಲಿ, ಒಂದೇ ದಿನ, ಒಂದೇ ಸ್ಟಿಕ್ಕಿಗೆ ಬೆಲೆ ಬೇರೆ ಬೇರೆ ಇರುತ್ತದೆ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಎಂದರೆ ಒಪ್ಪಬೇಡಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅನ್ನಿಸುತ್ತದೆ, ಆದರೆ ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ, ಬದಲಾಯಿಸುವ ಮಾತಂತೂ ದೂರ. ಬಿಲ್ಲಿನಲ್ಲಿ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸಿ. "ಹೊಂದದಿದ್ದರೆ ಎಷ್ಟು ದಿನದೊಳಗೆ ತಂದರೆ ಬದಲಾಯಿಸಿಕೊಡ್ತೀರಿ?" ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಅದನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಅಂಗಡಿಯವರು ಅಂಟಿಸಿದ ಪುಟ್ಟ ಸ್ಟಿಕ್ಕರನ್ನು ಕೀಳಬೇಡಿ, ವಾರಂಟಿಗೆ ಅವರು ಅದನ್ನೇ ಮೊದಲು ನೋಡುವುದು. ನಮ್ಮ ಪಕ್ಕದ ಮನೆಯ ಹುಡುಗಿ ಕಾಲೇಜಿನ ಪ್ರಾಜೆಕ್ಟಿಗೆಂದು ಬಿಲ್ ಇಲ್ಲದೆ ಡಿಡಿಆರ್4 ತಂದಳು. ಮನೆಯ ಎಚ್110 ಬೋರ್ಡು ಡಿಡಿಆರ್3ರದು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅವಳಪ್ಪನ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ.

• ಸೆಕೆಂಡ್‌ಹ್ಯಾಂಡ್ ಎಂದು ಮೂಗು ಮುರಿಯಬೇಡಿ. ಮೆಮೊರಿಯಲ್ಲಿ ತಿರುಗಿ ಸವೆಯುವ ಭಾಗವಿಲ್ಲ. ಕಂಪ್ಯೂಟರಿನ ಬಿಡಿಭಾಗಗಳಲ್ಲಿ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದದ್ದು ಇದೇ. ಡಿಡಿಆರ್3 ಸಿಸ್ಟಂ ಇರುವವರಿಗೆ ನನ್ನ ತೀರ್ಮಾನ ಸ್ಪಷ್ಟ: ಹೆಸರೇ ಕೇಳದ ಕಂಪನಿಯ ಹೊಸ ಸ್ಟಿಕ್ಕಿಗಿಂತ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಕಿಂಗ್‌ಸ್ಟನ್ನಿನ ಹಳೆಯದು ಲೇಸು. ಲೇಬಲ್ ಓರೆಯಾಗಿ ಅಂಟಿದೆಯೇ, ಚಿಪ್ಪುಗಳ ಮೇಲಿನ ಬರಹ ಎಲ್ಲದರಲ್ಲೂ ಒಂದೇ ಇದೆಯೇ, ಹಲ್ಲುಗಳು ಸುಟ್ಟು ಕಪ್ಪಾಗಿವೆಯೇ ನೋಡಿ. ಅಂಗಡಿಯಲ್ಲೇ ಹಾಕಿ ಆನ್ ಮಾಡಿ ತೋರಿಸಲಿ.

• ಹಾಕುವ ದಿನ ಮೊದಲು ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಇಳಿಯುತ್ತದೆ. ಲ್ಯಾಪ್‌ಟಾಪಾದರೆ ಬ್ಯಾಟರಿ ಸಂಪರ್ಕವನ್ನೂ ಬಿಡಿಸಬೇಕು, ಅಭ್ಯಾಸವಿಲ್ಲದವರು ಅದನ್ನು ಅಂಗಡಿಯವರಿಗೇ ಬಿಡಿ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ. ಡಿಸೆಂಬರ್-ಫೆಬ್ರವರಿಯ ಒಣ ಹವೆಯಲ್ಲಿ, ಸಿಂಥೆಟಿಕ್ ಬಟ್ಟೆ ತೊಟ್ಟಾಗ ಇದು ಇನ್ನೂ ಮುಖ್ಯ. ಹಲ್ಲುಗಳಿಗೆ ಬೆರಳು ತಾಗಿಸಬೇಡಿ. ಕಚ್ಚು ಹೊಂದಿಸಿ, ಎರಡೂ ತುದಿಯ ಮೇಲೆ ಎರಡು ಹೆಬ್ಬೆರಳಿಟ್ಟು ನೇರವಾಗಿ ಕೆಳಗೆ ಒತ್ತಿ. ಕ್ಲಿಪ್ ಟಕ್ ಎಂದು ತಾನೇ ಹಿಡಿದುಕೊಳ್ಳಬೇಕು. ಆ ಸದ್ದು ಬರುವವರೆಗೆ ಸ್ಟಿಕ್ ಕೂತಿಲ್ಲವೆಂದೇ ತಿಳಿಯಿರಿ. ಹೊಸದು ಕೆಲಸ ಮಾಡುತ್ತಿಲ್ಲ ಎಂಬ ದೂರಿನಲ್ಲಿ ಎಷ್ಟೋ ಪಾಲು ಈ ಒಂದು ಟಕ್ ಬಾರದ್ದರಿಂದ.

• ಆನ್ ಮಾಡಿದಾಗ ಬೀಪ್ ಬೀಪ್ ಎಂದು ಕೂಗಿದರೆ ಅಥವಾ ಪರದೆ ಕಪ್ಪಗೇ ಉಳಿದರೆ ಹೆದರಬೇಡಿ. ಪ್ಲಗ್ ಕಿತ್ತು, ಸ್ಟಿಕ್ ತೆಗೆದು, ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ. ಹೊಸದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ತಪ್ಪು ಸ್ಟಿಕ್ಕಿನದೋ ಸ್ಲಾಟಿನದೋ ಗೊತ್ತಾಗುತ್ತದೆ. ಡಿಡಿಆರ್5ರ ಹೊಸ ಸಿಸ್ಟಮ್ಮುಗಳು ಮೆಮೊರಿ ಬದಲಿಸಿದ ಮೇಲೆ ಮೊದಲ ಸಲ ಏಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅವಸರಪಟ್ಟು ನಡುವೆ ಆಫ್ ಮಾಡಬೇಡಿ.

• ವಿಂಡೋಸ್ ತೆರೆದುಕೊಂಡಿತೆಂದರೆ ಕೆಲಸ ಮುಗಿಯಲಿಲ್ಲ. ಪೂರ್ತಿ ಜಿಬಿ ತೋರಿಸುತ್ತಿದೆಯೇ ನೋಡಿ. ಹೆಚ್ಚು ವೇಗದ ಗೇಮಿಂಗ್ ಸ್ಟಿಕ್ ಆದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡದೆ ಅದು ಡಬ್ಬಿಯ ಮೇಲೆ ಬರೆದ ವೇಗಕ್ಕೆ ಏರುವುದಿಲ್ಲ. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ, ಇನ್ನೂ ಖಚಿತವಾಗಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಮರುದಿನವೇ ಬದಲಾಯಿಸಿ ತನ್ನಿ. ಕೆಟ್ಟ ಮೆಮೊರಿ ಯಾವಾಗಲೂ ಸಿಸ್ಟಂ ನಿಲ್ಲಿಸಿ ಸೂಚನೆ ಕೊಡುವುದಿಲ್ಲ. ಸದ್ದಿಲ್ಲದೆ ಫೈಲಿನೊಳಗೆ ತಪ್ಪು ಬರೆದು ಕೂರುತ್ತದೆ. ಮನೆಯ ಫೋಟೊಗಳು, ವರ್ಷಗಳ ಲೆಕ್ಕ ಹಾಗೆ ಕೆಡಬಾರದು.

• ತೆಗೆದ ಹಳೆಯ ಸ್ಟಿಕ್ಕನ್ನು ಕಸಕ್ಕೆ ಹಾಕಬೇಡಿ. ಕೆಟ್ಟದ್ದಾದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ದಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಮರುಬಳಕೆ ಘಟಕ ನಮ್ಮ ಸುತ್ತಿನಲ್ಲೇ ಇದೆ. ಚೆನ್ನಾಗಿರುವುದಾದರೆ ಅದರ ಮೇಲೆ ಗಾತ್ರ, ತಲೆಮಾರು, ತೆಗೆದ ಸಿಸ್ಟಮ್ಮಿನ ಮಾಡೆಲ್ ಬರೆದ ಚೀಟಿ ಸುತ್ತಿಡಿ. 2 ಜಿಬಿಯ ಸಿಸ್ಟಂ ಮುಂದೆ ಕೂತು ಓದುತ್ತಿರುವ ಮಗು ನಿಮ್ಮ ಬೀದಿಯಲ್ಲೇ ಇರಬಹುದು, ಒಮ್ಮೆ ವಿಚಾರಿಸಿ ನೋಡಿ.